ಸೊಸೆಯ ಕೂದಲು

ಗೂಟಕ್ಕೆ ನೇತುಹಾಕಿದ್ದ ಬಟ್ಟೆಯ ಚೀಲ ಅಲ್ಲಿರಲಿಲ್ಲ. ಶಿವಬಸಮ್ಮ ಬಾಗಿಲ ಹಿಂದೆ ನೋಡಿದಳು, ಜೋಳದ ಚೀಲಗಳ ಸಂದಿಯಲ್ಲಿ ನೋಡಿದಳು, ಹಾಸಿಗೆಯ ಸುರುಳಿ ಬಿಚ್ಚಿ ಕೊಡವಿದಳು. ಅಡುಗೆಮನೆಗೆ ಬಂದರೆ ಅತ್ತೆ ಗುರುಶಾಂತಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಥಳಥಳ ಹೊಳೆಯುವ ಹೊಸ ಸ್ಟೀಲ್ ತಂಬಿಗೆ.

“ಅತ್ತೀ, ನನ್ನ ಕೂದ್ಲ ಚೀಲ ಎಲ್ಲದ?”

“ಕೂದ್ಲಿನಾಕಿ ಬಂದಿದ್ಲು, ಕೊಟ್ಟೆ.” ಅತ್ತೆ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. “ಉದುರಿದ್ದನ್ನ ಇಟ್ಕೊಂಡು ಪೂಜಿ ಮಾಡ್ತಿದ್ದೇನು? ಹೊರಗ ಚೆಲ್ಲಿದ್ರ ಯಾರರ ಮಾಟ ಮಾಡಸ್ತಾರ. ಮನಿಗೆ ಒಂದು ತಂಬಿಗಿಯರ ಆತು.”

ಉದುರಿದ್ದು! ಹೌದು, ಉದುರಿದ್ದೇ. ಎಂಬತ್ನಾಲ್ಕರ ದೀಪಾವಳಿ ಕಳೆದ ಮೇಲೆ ಹೈದರಾಬಾದಿನ ದವಾಖಾನೆಯಲ್ಲಿ ಎದೆಯ ಗಂಟು ಕೊಯ್ದು, ಆಮೇಲೆ ಕೆಂಪು ನೀರಿನಂಥ ಔಷಧವನ್ನು ನರಕ್ಕೆ ಬಿಟ್ಟಿದ್ದರು. ಕೂದಲು ಹೋಗುತ್ತದೆ, ಜೀವ ಉಳಿಯುತ್ತದೆ, ಕೂದಲು ಮತ್ತೆ ಬರುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೇಳಿದರೆ ಆಯಿತೇ? ಬಾಚಣಿಗೆ ಇಟ್ಟಲ್ಲೆಲ್ಲ ಹಿಡಿಹಿಡಿ ಕೈಗೆ ಬಂದಾಗ ಹೊಟ್ಟೆ ಉರಿಯದೆ ಇರುತ್ತದೆಯೇ? ಮೊಣಕಾಲು ಮುಟ್ಟುತ್ತಿದ್ದ ಕೂದಲದು. ಒಂದೆಳೆಯನ್ನೂ ಬಿಸಾಡದೆ, ಸಿಕ್ಕು ಬಿಡಿಸಿ ಕೂಡಿಟ್ಟಿದ್ದಳು. ಮುಂದಿನ ತಿಂಗಳು ದೇವದುರ್ಗದಲ್ಲಿ ತಮ್ಮನ ಮದುವೆ. ಅದರಲ್ಲೇ ಒಂದು ಚೌರಿ ಹೆಣೆಸಿ, ತಲೆಗೆ ಕಟ್ಟುವ ಬಟ್ಟೆಗೆ ಹೊಲಿದು, ಮೇಲೆ ಸೆರಗು ಹೊದ್ದರೆ ಬೆನ್ನ ಮೇಲೆ ಜಡೆ ಕಾಣುತ್ತದೆ. ಜಡೆಗೊಂದು ಮೊಳ ಹೂವು ಮುಡಿಯಬಹುದು. ತವರಿನ ನಾಲ್ಕು ಮಂದಿಯ ಮುಂದೆ ತನ್ನದೇ ಕೂದಲಿನ ಜಡೆ, ಅಷ್ಟೇ ಅವಳ ಆಸೆ. ಅದನ್ನು ಅತ್ತೆಗೆ ಬಾಯಿಬಿಟ್ಟು ಹೇಳಿಯೂ ಇದ್ದಳು.

ಶಿವಬಸಮ್ಮ ತಂಬಿಗೆಯನ್ನು ಎತ್ತಿಕೊಂಡಳು. ಪಡಸಾಲೆಯಲ್ಲಿ ಗಂಡ ವಿರೂಪಣ್ಣ ಅಕ್ಕಿ ಮಿಲ್ಲಿನಿಂದ ಊಟಕ್ಕೆ ಬಂದು ಕೂತಿದ್ದ. “ಹೋಗ್ಲಿ ಬಿಡು, ಮತ್ತ ಬರ್ತಾವಂತಲ್ಲ,” ಎಂದ. ಅವಳು ನಿಲ್ಲಲಿಲ್ಲ. ನಿಂತಿದ್ದರೆ ತಂಬಿಗೆ ಅವನ ನೆತ್ತಿಯ ಮೇಲೇ ಬೀಳುತ್ತಿತ್ತು. ಕೂದಲಿನವಳು ಎತ್ತ ಹೋದಳೆಂದು ಕೇಳಿದರೆ ಓಣಿಯವರು ಬಸ್ ಸ್ಟ್ಯಾಂಡಿನತ್ತ ಕೈ ತೋರಿಸಿದರು.

ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಕೂದಲು ಕೊಳ್ಳುವ ಗೋಪಮ್ಮ ಸಿರವಾರದ ಬಸ್ಸಿಗೆ ಕಾಯುತ್ತಿದ್ದಳು. ಒಂದು ಮಗ್ಗುಲಿಗೆ ಪಿನ್ನು, ರಿಬ್ಬನ್ನು, ಸ್ಟೀಲ್ ಪಾತ್ರೆಗಳ ಬುಟ್ಟಿ, ಇನ್ನೊಂದು ಮಗ್ಗುಲಿಗೆ ಕೂದಲಿನ ಗಂಟು. ಈ ಊರಿನ ಓಣಿಗಳಿಗೆ ಅವಳು ಹೊಸಬಳು.

“ತಗೋ ನಿನ್ನ ತಂಬಿಗಿ,” ಎಂದಳು ಶಿವಬಸಮ್ಮ. “ಗುರುಶಾಂತಮ್ಮನ ಮನ್ಯಾಗ ತಗೊಂಡ ಕೂದ್ಲ ಕೊಡು.”

“ಕೊಟ್ಟು ತಗೊಂಡದ್ದು ಮುಗೀತಲ್ರೀ ಯವ್ವಾ. ಅತ್ತೇರು ಕೊಡ್ತಾರ, ಸೊಸ್ತೇರು ಬೆನ್ನು ಹತ್ತಿ ಜಗಳಕ್ಕ ಬರ್ತಾರ, ದಿನಾ ಇದಾ ರಗಳಿ ನಂದು. ಅದಕ್ಕಾ ಮೊದಲಾ ಕೇಳ್ದೆ, ಇದು ಯಾರ ಕೂದ್ಲ, ಆಕೀನ ಕರೀರಿ ಅಂತ. ‘ಸೊಸೀದು, ಆಕಿ ತೀರಿಕೊಂಡಾಳ, ಕೇಳೋರು ಯಾರಿಲ್ಲ’ ಅಂದ್ರು ಆ ಯವ್ವಾ.” ಗೋಪಮ್ಮ ದನಿ ತಗ್ಗಿಸಿದಳು. “ಪಾಪ, ಎಂಥಾ ಕೂದ್ಲ ಇತ್ರೀ! ನೀವು ಆಕೀಗೆ ಏನಾಗ್ಬೇಕು? ಅಕ್ಕನಾ, ತಂಗೀನಾ?”

ನಾಲಿಗೆಗೆ ಎಲುಬಿಲ್ಲ ನಿಜ, ಆದರೆ ಎದೆಯಲ್ಲಿಲ್ಲದ್ದು ನಾಲಿಗೆಗೆ ಎಲ್ಲಿಂದ ಬರಬೇಕು? ಹಾಗಾದರೆ ಆ ಮನೆಯಲ್ಲಿ ತಾನು ಸತ್ತು ಎಷ್ಟು ದಿನವಾಯಿತೋ! ಇಷ್ಟು ದಿನ ಗಾಳಿ ಬೀಸಿದರೂ ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಾಡಿದ ಸೆರಗನ್ನು, ಶಿವಬಸಮ್ಮ ಅಷ್ಟು ಮಂದಿಯ ನಡುವೆ ಎಳೆದು ಹೆಗಲಿಗೆ ಹಾಕಿದಳು.

“ಆ ತೀರಿಕೊಂಡಾಕಿ ನಾನಾ. ನೋಡು, ಚಂದಂಗ ನೋಡು.”

ಗೋಪಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗಡಬಡಿಸಿ ಗಂಟು ಬಿಚ್ಚಿ ಚೀಲ ತೆಗೆದುಕೊಟ್ಟಳು. “ತಪ್ಪಾತ್ರೀ ಯವ್ವಾ, ನನಗೇನು ಗೊತ್ತು...”

“ನಿಂದೇನೂ ತಪ್ಪಿಲ್ಲ.”

ಬಸ್ಸಿಗೆ ನಿಂತವರೆಲ್ಲ ನೋಡುತ್ತಿದ್ದರು. ನೋಡಲಿ, ಅವರಪ್ಪನ ಗಂಟೇನು ಹೋಗುತ್ತದೆ! ಶಿವಬಸಮ್ಮ ಸೆರಗು ಹೊದೆಯದೆ, ಬಜಾರದ ನಟ್ಟನಡುವೆ ಹಾಯ್ದು, ಓಣಿಯ ಕಟ್ಟೆಗಳ ಮುಂದೆಲ್ಲ ಹಾಯ್ದು ಮನೆಗೆ ಬಂದಳು.

“ಅಯ್ಯ ಅಯ್ಯ! ಬೋಳು ತಲಿ ಬಿಟ್ಕೊಂಡು ಊರೆಲ್ಲ ತಿರುಗಿ ಬಂದೇನು?” ಅತ್ತೆ ಕೂಗಿದಳು. “ಮಾನ ಮರ್ಯಾದಿ ಏನರ ಅದನಾ? ಮೊದಲು ಸೆರಗು ಹೊಚ್ಕೊ!”

“ನಾ ಸತ್ತೀನಂತ ಹೇಳೀರಂತಲ್ರೀ ಅತ್ತೀ?”

ರೊಟ್ಟಿ ಬಡಿಯುವ ಕೈ ನಿಂತಿತು. “ಅದು... ಏನೋ ಬಾಯಿಗೆ ಬಂತು, ಅಂದೆ. ಆಕಿ ಕೇಳಾಕತ್ತಿದ್ಲು, ಬಿಡವಲ್ಲಳು.”

ಶಿವಬಸಮ್ಮ ಗಂಡನ ಕಡೆ ನೋಡಿದಳು. ಅವನು ತಾಯಿಯ ಮುಖ ನೋಡಿದ, ಖಾಲಿ ತಾಟು ನೋಡಿದ. ಹೆಂಡತಿಯ ತಲೆಯನ್ನು ಮಾತ್ರ ನೋಡಲಿಲ್ಲ. “ಮಿಲ್ಲಿಗೆ ಹೊತ್ತಾಗ್ತದ. ಮೊದಲು ರೊಟ್ಟಿ ಹಾಕ್ರಿ, ಆಮ್ಯಾಲೆ ಮಾತಾಡೋಣು,” ಎಂದ. ಥೂ, ಇವನೂ ಒಬ್ಬ ಗಂಡ!

ಶಿವಬಸಮ್ಮ ಕೂದಲಿನ ಚೀಲವನ್ನು ನಡುವಿಗೆ ಸಿಕ್ಕಿಸಿಕೊಂಡಳು. ಮೂಲೆಯಲ್ಲಿದ್ದ ತುಂಬಿದ ಕೊಡವನ್ನು ಎತ್ತಿ ತಂದು ಉರಿಯುವ ಒಲೆಗೆ ಬೋರಲು ಹಾಕಿದಳು. ಚುಸ್ಸೆಂದು ಬೂದಿ ಎದ್ದಿತು. ಹಂಚಿನ ಮೇಲಿದ್ದ ಅರೆಬೆಂದ ರೊಟ್ಟಿ ನೀರಲ್ಲಿ ನೆಂದುಹೋಯಿತು.

“ಸತ್ತವರ ಮನ್ಯಾಗ ಒಲಿ ಹೊತ್ತಸಂಗಿಲ್ಲ,” ಎಂದಳು. “ಓಣ್ಯಾಗಿನವರು ಯಾರರ ಬುತ್ತಿ ತರ್ತಾರ. ತಾಯಿ ಮಗ ಇಬ್ರೂ ಕುಂತು ಕಾಯ್ರಿ.”