ಒರತೆಯ ಸರದಿ

ಹಳ್ಳವೆಂದರೆ ನೀರು ಹರಿಯುವ ಜಾಗ ಎಂದು ಭೂಗೋಳದ ಪುಸ್ತಕ ಗಂಭೀರವಾಗಿ ಹೇಳುತ್ತದೆ. ಚಿಕ್ಕನಾಯಕನಹಳ್ಳಿ ಗುಡ್ಡದಿಂದ ಇಳಿಯುವ ನಮ್ಮ ಹಳ್ಳದಲ್ಲಿ ವರ್ಷದ ಬಹುಪಾಲು ಕುರಿಗಳು ಹರಿಯುತ್ತಿದ್ದವು.

ಈಗಲೂ ಯಾರೋ ಮನೆ ಕಟ್ಟಲು ಸುರಿಸಿದ ಹಸಿ ಮರಳಿನ ವಾಸನೆ ಬಂದರೆ, ಗುಡ್ಡವೇ ಇಲ್ಲದ ಈ ಊರಿನಲ್ಲೂ ತಲೆಯೆತ್ತಿ ಗುಡ್ಡ ಹುಡುಕುತ್ತೇನೆ.

ನಾನು ಚಿಕ್ಕ ಮಗುವಾಗಿದ್ದಾಗಿನ ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹಳ್ಳದ ನಡುವೆ, ಮರಳು ತೋಡಿದ ಒರತೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕರಟದಿಂದ ನೀರು ಮೊಗೆದು ಹಿತ್ತಾಳೆ ಕೊಡಕ್ಕೆ ಸುರಿಯುತ್ತಿದ್ದಳು. ನೀರು ಬೆವರಿನಂತೆ ಜಿನುಗುತ್ತಿತ್ತು. ಮುಂದಿನ ಸರದಿ, ದಡದ ಹೊಂಗೆಯ ನೆರಳಲ್ಲಿ ನಿಂತಿದ್ದ ಪಕ್ಕದ ಮನೆಯ ಪುಟ್ಟಮ್ಮನದು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ನಮ್ಮ ನೆತ್ತಿಯ ಮೇಲೆ ಸುಡುಬಿಸಿಲು, ಗುಡ್ಡದ ಮೇಲೆ ಕಪ್ಪು ಮೋಡ.

"ಎದ್ದು ಬಾರಕ್ಕೋ, ಗುಡ್ಡದ ಮ್ಯಾಲೆ ಮಳೆ ಹುಯ್ತೈತೆ, ಹಳ್ಳ ತುಂಬ್ಕಂಡು ಬತ್ತೈತೆ!" ಎಂದು ಪುಟ್ಟಮ್ಮ ಕೂಗಿದಳು.

"ಸರದಿ ಕಿತ್ಕಳ್ಳಾಕೆ ನಾಟಕ ಆಡ್ಬ್ಯಾಡ ಕಣೇ. ಕೊಡ ತುಂಬ್ಲಿ, ಬತ್ತೀನಿ," ಎಂದಳು ಅಜ್ಜಿ.

ನನ್ನ ಪಾದದ ಮೇಲೆ ಏಡಿಯೊಂದು ಹತ್ತಿ ಇಳಿಯಿತು. ನೋಡಿದರೆ, ಬಿಲದ ಏಡಿಗಳೆಲ್ಲ ದಡ ಹತ್ತುತ್ತಿದ್ದವು.

"ಅಜ್ಜೀ, ಏಡಿಗಳೆಲ್ಲ ಹೋಯ್ತಾವೆ," ಎಂದು ಅಳತೊಡಗಿದೆ.

"ಅವುಕ್ಕೇನು, ಕೊಡ ತುಂಬಿಸ್ಬೇಕಾ?"

ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಗಾಡಿಗಳು ಉರುಳಿದಂಥ ಸದ್ದಾಯಿತು. ಪುಟ್ಟಮ್ಮ ಓಡಿ ಇಳಿದು, ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಅಜ್ಜಿಯ ಸೆರಗನ್ನೂ ಹಿಡಿದು ದರದರನೆ ಎಳೆದಳು. ನಾವು ದಡ ಹತ್ತುವುದಕ್ಕೂ ನೊರೆ, ಒಣಗರಿ, ಕೆಂಪು ನೀರು ಒಟ್ಟಿಗೇ ಬರುವುದಕ್ಕೂ ಸರಿಹೋಯಿತು.

ದಡದ ಮೇಲೆ ಪುಟ್ಟಮ್ಮನ ಕೈ ಹಿಡಿದ ಅಜ್ಜಿ ಅದನ್ನು ಬಿಡಲೇ ಇಲ್ಲ. ಆಮೇಲೆ ಏದುಸಿರು ಬಿಡುತ್ತಲೇ, "ತಗಳ್ಳೇ, ಈಗ ನಿನ್ನ ಸರದಿ," ಎಂದಳು.

ಕೊಡ ಹೋಯಿತು. ಕರಟ ಅಜ್ಜಿಯ ಇನ್ನೊಂದು ಕೈಯಲ್ಲೇ ಇತ್ತು.