ಎಡಗೈಯ ಮಚ್ಚೆ

“ಇದು ಹುಟ್ಟಿದಾಗಿಂದ ಇತ್ತು ಅನ್ನಿಸಬೇಕು,” ಎಂದು ಆತ ಮೂರನೆಯ ಸಲ ಹೇಳಿದಾಗ ಅವಳು ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು.

ಹದಿನೆಂಟು ವರ್ಷಗಳಿಂದ ಹಚ್ಚೆ ಹಾಕುತ್ತಿದ್ದಳು. ಹುಲಿ, ಹದ್ದು, ನಲ್ಲೆಯ ಹೆಸರು, ವರ್ಷ ಕಳೆದ ಮೇಲೆ ಆ ಹೆಸರನ್ನು ಮುಚ್ಚಲು ಮತ್ತೊಂದು ಹುಲಿ. ಬಂದವರೆಲ್ಲ ನಾಲ್ಕು ಜನ ನೋಡಲಿ ಎಂದೇ ಬರುತ್ತಿದ್ದರು. ಈತನಿಗೆ ಬೇಕಾದದ್ದು ಒಂದು ಮಚ್ಚೆ. ಎಡ ಮಣಿಕಟ್ಟಿನ ಒಳಬದಿಗೆ, ಹೆಬ್ಬೆರಳ ಉಗುರಿನಷ್ಟಗಲ, ಒಂದು ಅಂಚು ಇಲಿ ಕಚ್ಚಿದ ಹಾಗೆ. ಮಾದರಿಗೆ ಫೋಟೋ ತಂದಿದ್ದ. ಅದರಲ್ಲಿ ಕಾಫಿ ಲೋಟ ಎತ್ತಿ ನಗುತ್ತಿದ್ದವನಿಗೂ ಇವನದೇ ಮೂಗು, ಇವನದೇ ಕಿವಿ.

“ಇದು ನೀವೇ ಅಲ್ವಾ?”

“ಅಲ್ಲ.”

ಫೋಟೋವನ್ನು ಅವಳತ್ತ ಸರಿಸಿ, “ಬಣ್ಣ ಒಂಚೂರು ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ. ಮುಟ್ಟಿದ್ರೆ ಮಾತ್ರ ಬೆರಳಿಗೆ ಸಿಗಬೇಕು,” ಎಂದ.

ಯೋಚಿಸಿ ಹೇಳುತ್ತೇನೆಂದು ಅವನನ್ನು ಕಳಿಸಿದಳು. ಅಂಗಡಿಯ ಮುಂದಿನ ಮೇಜಿನಲ್ಲಿ ಕೂರುವ ಅವಳ ಅಕ್ಕನ ಕಿವಿಗೆ ಎಲ್ಲವೂ ಬಿದ್ದಿತ್ತು.

“ಬೇಡ ಕಣೇ. ಇನ್ನೊಬ್ಬರ ಗುರುತು ತನ್ನ ಮೈಮೇಲೆ ಯಾಕೆ ಬೇಕಂತೆ? ನಾಳೆ ಪೊಲೀಸರು ಬಂದು ಕೂತ್ರೆ ಏನು ಹೇಳ್ತೀಯ?”

“ನೋಡೋಕೆ ಸಾಧು ಥರ ಇದ್ದಾನಕ್ಕ.”

“ಬೆಳ್ಳಗಿರೋದೆಲ್ಲ ಹಾಲಲ್ಲ.”

ಎರಡು ದಿನ ಬಿಟ್ಟು ಆತ ಮತ್ತೆ ಬಂದ. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. “ಇದರಿಂದ ಯಾರಿಗೆ ಮೋಸ ಮಾಡಬೇಕು?”

“ಅಮ್ಮನಿಗೆ,” ಎಂದ.

ಅವರು ಅವಳಿ ಮಕ್ಕಳಂತೆ. ಇವನು ಹತ್ತು ನಿಮಿಷಕ್ಕೆ ದೊಡ್ಡವನು. ಇಬ್ಬರ ಮುಖ, ದನಿ, ನಡಿಗೆ ಎಲ್ಲ ಒಂದೇ. ತೊಟ್ಟಿಲಲ್ಲಿದ್ದಾಗಿಂದ ತಾಯಿ ಮಣಿಕಟ್ಟು ಸವರಿಯೇ ಗುರುತು ಹಿಡಿಯುತ್ತಿದ್ದಳು. ಮಚ್ಚೆ ಇದ್ದವನು ಚಿಕ್ಕವನು. ನಾಲ್ಕು ವರ್ಷದ ಹಿಂದೆ ತಾಯಿಗೆ ಕಣ್ಣು ಹೋಯಿತು, ಆಮೇಲೆ ನೆನಪೂ ಮಾಸತೊಡಗಿತು. ಏಳು ತಿಂಗಳ ಹಿಂದೆ ಚಿಕ್ಕವನಿಗೆ ಲಾರಿ ಗುದ್ದಿತು.

“ಮನೇಲೊಂದು ಸಾವಾಗಿದೆ ಅಂತ ಅವಳಿಗೆ ಗೊತ್ತು. ಯಾರು ಹೋದ್ರು ಅನ್ನೋದು ತಲೇಲಿ ನಿಲ್ಲಲ್ಲ. ದಿನಾ ಬೆಳಿಗ್ಗೆ ನನ್ನ ಕೈ ಸವರಿ, ‘ನೀನಾ. ಚಿಕ್ಕೋನೆಲ್ಲೋ?’ ಅಂತಾಳೆ. ನಾನು ಹೇಳ್ತೀನಿ. ದಿನಾ ಅವನು ಹೊಸದಾಗಿ ಸಾಯ್ತಾನೆ.”

“ಬೇರೆ ಊರಲ್ಲಿದ್ದಾನೆ ಅನ್ನಬಹುದಿತ್ತು.”

“ಅಂದೆ. ಹಗಲೆಲ್ಲ ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತಳು.”

“ನೀವು ತಮ್ಮನಾಗಿಬಿಟ್ರೆ, ದೊಡ್ಡೋನೆಲ್ಲಿ ಅಂತ ಕೇಳಲ್ವಾ?”

ಆತ ನಕ್ಕ. ನಗುವಾಗ ಫೋಟೋದವನ ಹಾಗೇ ಕಂಡ. “ನಲವತ್ತಾರು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ಲ. ಕಣ್ಣಮುಂದೇನೇ ಇರೋನನ್ನ ಯಾರು ಹುಡುಕ್ತಾರೆ? ಅವಳ ಜೀವವೆಲ್ಲ ಅವನ ಮೇಲೇ ಇತ್ತು ಬಿಡಿ.”

ಪರದೆಯ ಆಚೆ ಅಕ್ಕ ಮೂಗೊರೆಸಿಕೊಂಡ ಸದ್ದು ಕೇಳಿಸಿತು.

ಅವಳು ಕೆಲಸಕ್ಕೆ ಕೂತಳು. ಮೊದಲು ಕಾಗದದ ಮೇಲೆ ಇಪ್ಪತ್ತು ಮಚ್ಚೆ ಬರೆದಳು. ಎಲ್ಲವೂ ಚೆಂದವಾಗಿದ್ದವು, ಅದೇ ತೊಂದರೆ. ಇಷ್ಟು ವರ್ಷ ಗೆರೆ ನೇರ ಬರಲೆಂದು ಪಳಗಿಸಿದ ಕೈ, ಈಗ ಗೆರೆಯೇ ಇಲ್ಲದಂತೆ ಬರೆಯಬೇಕಿತ್ತು. ಕಂದು ಬಣ್ಣಗಳನ್ನು ಬೆರೆಸಿ, ಒಂದು ಹನಿ ಕೆಂಪು ಬಿಟ್ಟು, ಅಂಚಿನಲ್ಲಿ ಚುಕ್ಕಿಗಳನ್ನು ದೂರ ದೂರ ಚೆಲ್ಲಿದಳು. ಸೂಜಿ ಆಳಕ್ಕಿಳಿದರೆ ಚರ್ಮ ಉಬ್ಬಿ ಗಟ್ಟಿಯಾಗುತ್ತದೆ. ಈ ಕಸುಬಿನಲ್ಲಿ ಅದು ಕಲಿಯುವವರು ಮಾಡುವ ತಪ್ಪು. ಆ ತಪ್ಪನ್ನು ಅವಳು ಬೇಕೆಂದೇ, ಅಳೆದು ಅಳೆದು ಮಾಡಿದಳು. ಆತ ಹಲ್ಲು ಕಚ್ಚಿಕೊಂಡು ಛಾವಣಿ ನೋಡುತ್ತಿದ್ದ. ಸೂಜಿ ನಿಂತಾಗ ಮಾತ್ರ, “ಅವನಿಗೆ ಇದು ಪುಕ್ಕಟೆ ಬಂದಿತ್ತು,” ಎಂದ.

ಐದು ವಾರದ ಮೇಲೆ, ಗಾಯ ಪೂರ್ತಿ ಮಾಗಿದ್ದಾಗ, ಆತ ಬಂದ. ಗಡ್ಡ ಬೆಳೆದಿತ್ತು. ಅವಳು ಅವನ ಕೈಯನ್ನು ಬೆಳಕಿಗೆ ಹಿಡಿದಳು. ಇಂಥ ಕೆಲಸ ತನ್ನ ಕೈಯಿಂದ ಇನ್ನೊಂದು ಆಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಕ್ಕನನ್ನೂ ಕರೆದಳು. ಅಕ್ಕ ಕಣ್ಣು ಮುಚ್ಚಿ ಹೆಬ್ಬೆರಳಿಂದ ಸವರಿ, “ಹೆತ್ತವಳೇ ಕೊಟ್ಟ ಹಾಗಿದೆ,” ಎಂದಳು.

“ಇದನ್ನ ಅಳಿಸೋಕಾಗುತ್ತಾ?” ಎಂದು ಆತ ಕೇಳಿದ.

ಅವಳು ಅವನ ಕೈ ಬಿಟ್ಟಳು. “ಅಮ್ಮನಿಗೆ ಗೊತ್ತಾಗಿಹೋಯ್ತಾ?”

“ಇಲ್ಲ. ನಂಬಿದಳು. ನಾಲ್ಕು ದಿನದ ಹಿಂದೆ, ಮೊದಲನೇ ದಿನ, ಈ ಕೈ ಹಿಡಿದು ಮುತ್ತಿಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ತಟ್ಟೆ ಖಾಲಿ ಮಾಡಿದಳು.”

“ಮತ್ತೆ?”

ಆತ ಮಚ್ಚೆಯನ್ನು ಉಜ್ಜತೊಡಗಿದ. ಲೇಸರ್ ಹಾಕಿಸಿದರೆ ಬಣ್ಣ ಹೋಗುತ್ತದೆ, ಉಬ್ಬು ಉಳಿಯುತ್ತದೆ, ಅದು ಇನ್ನು ಜೀವಮಾನಕ್ಕೂ ಬೆರಳಿಗೆ ಸಿಗುತ್ತದೆ ಎಂದು ಅವಳು ಮೆಲ್ಲಗೆ ಹೇಳಿದಳು. ಹೇಳುತ್ತ ಅವಳಿಗೇ ಅಪರಾಧ ಮಾಡಿದಂತೆನಿಸಿತು. ಅಕ್ಕ ನೀರು ತಂದುಕೊಟ್ಟಳು. ಆತ ಲೋಟ ಹಿಡಿದುಕೊಂಡು ಕೂತ, ಕುಡಿಯಲಿಲ್ಲ.

“ಎರಡನೇ ದಿನದಿಂದ ಅಮ್ಮ ಊಟ ಮುಟ್ಟಿಲ್ಲ,” ಎಂದ. “‘ನಾನು ದೊಡ್ಡೋನು ಕಣಮ್ಮ, ಇಲ್ಲೇ ಇದ್ದೀನಿ’ ಅಂದ್ರೆ, ಇದನ್ನ ಸವರಿ, ‘ಸತ್ತಿರೋ ಅಣ್ಣನ ಹೆಸರಲ್ಲಿ ಸುಳ್ಳು ಹೇಳಬಾರ್ದು ಚಿಕ್ಕೋನೇ’ ಅಂತ ಅಳ್ತಾಳೆ.”