ಮೋಹಿನಿಯಮ್ಮ ಬಾಯಿ ಮುಚ್ಚಿಕೊಂಡದ್ದು

"ಅಮ್ಮ, ನಿಲ್ಸು! ಆ ಹೆಂಗಸು ಹೇಳಿದ್ದು ಇನ್ನೊಂದು ಅಕ್ಷರ ನಂಗೆ ಹೇಳ್ಬೇಡ," ಎಂದು ನ್ಯಾಯಾಧೀಶ ಜಯಕರ ಕಾರಿನ ಹಿಂದಿನ ಸೀಟಿನಲ್ಲಿ ಎರಡೂ ಕೈ ಎತ್ತಿಬಿಟ್ಟರು. ಪಕ್ಕದಲ್ಲಿದ್ದ ಮೋಹಿನಿಯಮ್ಮ ತೆರೆದ ಬಾಯಿ ತೆರೆದ ಹಾಗೇ ಮಗನನ್ನು ನೋಡಿದರು.

ಆಗಷ್ಟೇ ಪುತ್ರಜಯಾದ ಕೋರ್ಟಿನಿಂದ ಹೊರಟಿದ್ದರು. ಮೆಲಾಕಾದಲ್ಲಿ ಮ್ಯಾಜಿಸ್ಟ್ರೇಟ್ ಆಗಿ ಶುರುಮಾಡಿ, ಹೈಕೋರ್ಟು ದಾಟಿ, ಮೇಲ್ಮನವಿ ನ್ಯಾಯಾಲಯದ ತನಕ ಏರಿದ ಮಗ ಪೀಠದಲ್ಲಿ ಕೂತದ್ದನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ನಿವೃತ್ತಿ ಹತ್ತಿರ ಬಂತು, ಈಗಲಾದರೂ ನೋಡಬೇಡವೇ ಎಂದು ಹಟ ಹಿಡಿದು, ರೇಷ್ಮೆ ಸೀರೆ ಉಟ್ಟು ಬಂದಿದ್ದರು. ನೋಡಿ ಅರ್ಧ ನಿರಾಸೆಯೂ ಆಗಿತ್ತು. "ಒಂದು ಕೇಸಿಗೆ ಮೂರು ಜನವಾ? ಅದ್ರಲ್ಲೂ ಮಾತೆಲ್ಲ ನಡುವೆ ಕೂತ ಆ ಅಮ್ಮಂದೇ. ನೀನೆಂತ ಮಾರಾಯ, ಮದುವೆಗೆ ಬಂದ ಬೀಗರ ಹಾಗೆ ಸುಮ್ನೆ ಕೂತದ್ದು!" ಎಂದು ಕಾರು ಹತ್ತುವಾಗಲೇ ಹೇಳಿ ಆಗಿತ್ತು.

ಆಮೇಲೆ ಬಂದದ್ದೇ ಆ ಹೆಂಗಸಿನ ಮಾತು. ಜನ ಕೂರುವ ಬೆಂಚಿನಲ್ಲಿ ಅವಳು ಇವರ ಕಡೆ ಬಾಗಿ "ಅನಕ್?" ಎಂದು ಕೇಳಿದ್ದಳಂತೆ. ಮಲಯ್ ಭಾಷೆಯಲ್ಲಿ ಮಗನಾ, ಅಂತ. ಹೌದೆಂದು ಇವರು ತಲೆಯಾಡಿಸಿದರು. ಅವಳು ಕಟಕಟೆಯಲ್ಲಿದ್ದ ತನ್ನ ಮಗನನ್ನು ತೋರಿಸಿ, ಇವರ ಮಗನನ್ನೂ ಜೈಲಿನಿಂದಲೇ ಕರೆತರುತ್ತಾರೆ ಎಂದುಕೊಂಡು, ಇವರ ಕೈ ಹಿಡಿದುಕೊಂಡಳು. ವಿಚಾರಣೆ ಮುಗಿಯುವ ತನಕ ಬಿಡಲೇ ಇಲ್ಲ. ಇವರಿಗೂ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಏಳುವಾಗ ಅವಳು ಮಗನ ಕೇಸಿನ ಬಗ್ಗೆ ಇವರ ಕಿವಿಯಲ್ಲಿ ಏನೋ ಹೇಳಿದಳು; ಅದನ್ನು ಹೇಳಲು ಬಾಯಿ ತೆರೆದಾಗಲೇ ಜಯಕರ ಕೈ ಎತ್ತಿದ್ದು.

"ನಾನೆಂತ ತಪ್ಪು ಮಾಡಿದೆ ಈಗ?"

"ತಪ್ಪಲ್ಲಮ್ಮ. ತೀರ್ಪು ಇನ್ನೂ ಕೊಟ್ಟಿಲ್ಲ. ನಾವು ನೋಡ್ಬೇಕಾದ್ದು ಕೇಸಿನ ಕಾಗದದಲ್ಲಿ ಇದ್ದದ್ದು ಮಾತ್ರ. ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ರೆ ನಾನು ಈ ಕೇಸು ಬಿಟ್ಟು ಏಳ್ಬೇಕು. ಆಮೇಲೆ ಬೇರೆ ಪೀಠ, ಮತ್ತೆ ಮೊದಲಿಂದ ವಿಚಾರಣೆ. ಅಷ್ಟು ತಿಂಗಳು ಆ ಹುಡುಗ ಒಳಗೇ."

ಮೋಹಿನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವ ಜೀವ, ಪೆಟಾಲಿಂಗ್ ಜಯಾದ ಮನೆ ಬರುವ ತನಕ ಕಿಟಕಿಯ ಕಡೆ ತಿರುಗಿಯೇ ಕೂತಿತ್ತು.

ಮಾರನೆಯ ದಿನ ಜಯಕರ ಪೀಠದ ಹಿರಿಯ ನ್ಯಾಯಾಧೀಶೆಗೆ ನಡೆದದ್ದನ್ನು ತಿಳಿಸಿದರು. "ಕೇಸಿನ ವಿಷಯ ಏನಾದರೂ ಹೇಳಿದರಾ ನಿಮ್ಮ ತಾಯಿ?" ಎಂದು ಆಕೆ ಕೇಳಿದರು. ಇಲ್ಲವೆಂದಾಗ "ಹಾಗಾದರೆ ಪೀಠದಲ್ಲೇ ಕೂತುಕೊಳ್ಳಿ," ಎಂದು ನಕ್ಕರು. ಜಯಕರರಿಗೆ ನಗು ಬರಲಿಲ್ಲ. ಎಂಬತ್ತು ದಾಟಿದ ಅಮ್ಮನ ಹೊಟ್ಟೆಯಲ್ಲಿ ಯಾವ ಮಾತೂ ಒಂದು ದಿನ ನಿಂತದ್ದಿಲ್ಲ.

ಈ ಸಲ ನಿಂತಿತು. ಮಂಗಳೂರಿನಿಂದ ತನ್ನ ತಂಗಿಯ ಫೋನ್ ಬಂದರೂ ಅಮ್ಮನದು ಹ್ಞಾಂ, ಹ್ಞೂಂ, ಅಷ್ಟೇ. "ಬೇರೆ ಮಾತು ಆಡ್ಬಹುದಮ್ಮ," ಎಂದು ಕೊನೆಗೆ ಮಗನೇ ಬೇಡಿಕೊಂಡರು.

"ಬೇಡ ಮಗಾ. ಬಾಗಿಲು ತೆಗೆದ್ರೆ ಯಾವುದು ಮೊದ್ಲು ಹೊರಗೆ ಓಡ್ತದೆ ಅಂತ ನಂಗೇ ಗ್ಯಾರಂಟಿ ಇಲ್ಲ," ಎಂದು ಅವರು ಮತ್ತೆ ಕಾಂಗ್‌ಕುಂಗ್ ಸೊಪ್ಪು ಬಿಡಿಸಲು ಕೂತರು.

ತೀರ್ಪಿನ ದಿನ ಬೆಳಿಗ್ಗೆ ಜಯಕರ ಹೊರಡುವಾಗ ಮೋಹಿನಿಯಮ್ಮ ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದರು. ರೇಷ್ಮೆ ಅಲ್ಲ, ಮನೆಯಲ್ಲಿ ಉಡುವ ಹತ್ತಿಯ ಸೀರೆ.

"ನೀನೆಲ್ಲಿಗೆ?"

"ಅವಳ ಪಕ್ಕ ಕೂರ್ಲಿಕ್ಕೆ. ಕೋರ್ಟಿಗೆ ಯಾರು ಬೇಕಾದ್ರೂ ಬರ್ಬಹುದು ಅಂತ ನೀನೇ ಹೇಳಿದ್ದಲ್ವಾ? ತೀರ್ಪು ಎಂತ ಅಂತ ನಾನು ಕೇಳ್ಲಿಲ್ಲ, ಕೇಳೂದೂ ಇಲ್ಲ."

"ಅಮ್ಮ, ನೀನು ಯಾರ ತಾಯಿ ಅಂತ ಅವಳಿಗೆ ಗೊತ್ತಾದ್ರೆ?"

"ನಾನೇ ಹೇಳ್ತೇನೆ. ನೀವು ಓದಿ ಮುಗಿಸಿದ ಮೇಲೆ."

"ಅವಳಿಗೆ ಸಿಟ್ಟು ಬಂದ್ರೆ?"

ಮೋಹಿನಿಯಮ್ಮ ಗೋಡೆ ಹಿಡಿದು ಚಪ್ಪಲಿ ಮೆಟ್ಟಿಕೊಂಡರು. "ಬರ್ಲಿ. ನೀವು ಮೂರೂ ಜನ ಅಷ್ಟು ಎತ್ತರದಲ್ಲಿ ಕೂತಿರ್ತೀರಿ. ಬೈಲಿಕ್ಕಾದ್ರೂ ಅವಳ ಕೈಗೆ ಸಿಗುವ ಹಾಗೆ ಒಬ್ರು ಬೇಡ್ವಾ?"